ತುದಿ ಸಿಗುವ ತನಕ

ಹಳೆಯ ಪುಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಲು ಹೊರಟವರಿಗೆ ಒಂದು ಅನುಭವ ಸಾಮಾನ್ಯ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಸಿಕ್ಕಿಸುತ್ತೇವೆ, ಪರದೆ ಕಪ್ಪಗೇ ಉಳಿಯುತ್ತದೆ. ಆಗ ಅವಸರ ಶುರು. ಸಿಕ್ಕಿದ್ದನ್ನೆಲ್ಲ ಬದಲಿಸುತ್ತೇವೆ. ಕೊನೆಗೆ ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ.

ರಾಮನಗರದ ರೇಷ್ಮೆ ರೀಲರ್‌ಗಳನ್ನು ನೋಡಿ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಮೊದಲು ಎಳೆಯ ತುದಿ ಹುಡುಕುತ್ತಾರೆ. ಅದು ಸಿಕ್ಕಮೇಲೇ ಚರಕ ತಿರುಗುವುದು. ಆಮೇಲೆ ಆ ಒಂದೇ ಎಳೆ ನೂರಾರು ಮೀಟರ್ ಬರುತ್ತದೆ.

ಲ್ಯಾಪ್‌ಟಾಪಿನಲ್ಲೂ ಹಾಗೆಯೇ, ತುದಿ ಸಿಗುವ ತನಕ ಒಂದೊಂದನ್ನೇ ನೋಡಬೇಕು. ಡೌನ್‌ಲೋಡ್ ಮಾಡಿದ ಫೈಲ್ ಪೂರ್ತಿ ಬಂದಿದೆಯೇ? ಒಪ್ಪಿಗೆಯಿಲ್ಲದ ತಂತ್ರಾಂಶ ಶುರುವಾಗದಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ತಡೆಯುತ್ತಿದೆಯೇ? ಕೆಲವು ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ 64 ಬಿಟ್‌ನದು, ಅದನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ 32 ಬಿಟ್‌ನದು. ನನಗೆ ಬಹಳ ಹಿಡಿಸಿದ ಸಂಗತಿ ಇದು. ಯಂತ್ರ ಕೆಟ್ಟಿಲ್ಲ. ಪೆನ್‌ಡ್ರೈವಿನಲ್ಲಿ ಅದಕ್ಕೆ ಹೊಂದುವ ಒಂದು ಸಣ್ಣ ಫೈಲ್ ಇಲ್ಲ, ಅಷ್ಟೇ.

1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಉಚಿತವಾಗಿ ಸಿಗುತ್ತದೆ, ಅದರಲ್ಲಿ ಕನ್ನಡವನ್ನೂ ಬಳಸಬಹುದು. ಮಾಗಡಿ, ಕನಕಪುರ, ಚನ್ನಪಟ್ಟಣದ ಮನೆಗಳಲ್ಲಿ ಸುಮ್ಮನೆ ಬಿದ್ದಿರುವ ಲ್ಯಾಪ್‌ಟಾಪ್ ಮಗುವಿನ ಓದಿಗೆ ಆದೀತು. ಗುಜರಿಗೆ ಹಾಕುವ ಮುನ್ನ, ಒಳಗಿರುವ ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು, ಒಮ್ಮೆ ನಿಧಾನವಾಗಿ ಪ್ರಯತ್ನಿಸಿ.