ಒತ್ತಕ್ಷರ ಬಲ್ಲ ಮಕ್ಕಳ ಇಂಗ್ಲಿಷ್ ಓದು



ಕನ್ನಡ ಶಾಲೆಗೆ ಸೇರಿಸಿದರೆ ಮಗುವಿಗೆ ಇಂಗ್ಲಿಷ್ ಓದಲು ಬಾರದೆ ಹೋದೀತೆಂಬ ಅಳುಕು ನಮ್ಮ ಕಾಸರಗೋಡಿನ ಹೆತ್ತವರಲ್ಲಿದೆ. ಅದನ್ನು ಹಗುರವಾಗಿ ಕಾಣಲಾಗದು. ಒಂದನೆಯ ತರಗತಿಯ ಬೆಂಚುಗಳು ತುಂಬುವುದೂ ಬರಿದಾಗುವುದೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಆದುದರಿಂದ ಭಾಷಾಭಿಮಾನದ ಮಾತನ್ನು ಬದಿಗಿಟ್ಟು, ಕರಿಹಲಗೆಯ ಒಂದು ಸಣ್ಣ ಪಾಠವನ್ನಷ್ಟೇ ತಮ್ಮ ಮುಂದಿಡುತ್ತೇನೆ.

ಕಾಗುಣಿತ ಕಲಿತ ಮಗುವಿಗೆ ಸ್ವರದ ವಿಷಯದಲ್ಲಿ ಸಂಶಯವಿಲ್ಲ. ಕಿ ಎಂದರೆ ಕಿ, ಕೀ ಎಂದರೆ ಕೀ. ಚಿಹ್ನೆಯೇ ಸಾರಿ ಹೇಳುತ್ತದೆ. ಮಲಯಾಳ ಲಿಪಿಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಆ ಚಿಹ್ನೆಯಿಲ್ಲ. ಅಲ್ಲಿ ಸ್ವರದ ಉಲಿಯನ್ನು ಸೂಚಿಸುವುದು ಉಚ್ಚಾರಾಂಶದ, ಅಂದರೆ ಒಂದು ಚಪ್ಪಾಳೆಗೆ ಹೊರಡುವ ತುಣುಕಿನ, ಆಕಾರ. ಎಂ-ಇ ಎಂದಷ್ಟೇ ಬರೆದರೆ ತುಣುಕು ತೆರೆದಿರುತ್ತದೆ. ಸ್ವರ ತನ್ನ ಹೆಸರನ್ನೇ ನುಡಿದು ‘ಮೀ’ ಆಗುತ್ತದೆ. ಟಿ ಬಂದು ಬಾಗಿಲು ಮುಚ್ಚಿದರೆ ‘ಮೆಟ್’. ‘ಬಿಟ್’ ಎಂಬುದರ ಕೊನೆಗೆ ಮೌನದ ಇ ಸೇರಿದರೆ ‘ಬೈಟ್’. ಜೋಡಿಸ್ವರದ ‘ರೇನ್’, ಆರ್ ಹಿಡಿದ ‘ಕಾರ್’, ‘ಟೇಬಲ್’ ಪದದ ಕೊನೆಯ ತುಣುಕು — ಹೀಗೆ ಸಾಮಾನ್ಯವಾಗಿ ಆರು ಬಗೆ ಹೇಳುತ್ತಾರೆ. ಆರನ್ನೂ ಒಮ್ಮೆಗೇ ಕಂಠಪಾಠ ಮಾಡಿಸುವುದು ನನಗೆ ಸಮ್ಮತವಲ್ಲ. ಮೊದಲ ವರ್ಷಕ್ಕೆ ತೆರೆದುದು, ಮುಚ್ಚಿದುದು ಸಾಕು.

ಇಲ್ಲಿ ನಮ್ಮ ಮಕ್ಕಳಿಗೊಂದು ಅನುಕೂಲವಿದೆ. ‘ಕನ್ನಡ’ ಎಂದು ಬರೆಯುವಾಗ ಕ-ನ್ನ-ಡ. ಚಪ್ಪಾಳೆ ತಟ್ಟಿ ಹೇಳುವಾಗ ಕನ್-ನ-ಡ. ಒತ್ತಕ್ಷರದ ಹಿಂದಿನ ‘ಕ’ ಛಂದಸ್ಸಿನಲ್ಲಿ ಗುರುವಾಗುವುದು ಈ ಮುಚ್ಚುವಿಕೆಯಿಂದಲೇ. ‘ಡಿನ್ನರ್’ ಪದವನ್ನೂ ಹಾಗೆಯೇ ತಟ್ಟಿಸಿರಿ: ಡಿನ್-ನರ್. ಒಂದು ಎನ್ ಅಳಿಸಿದರೆ ಮೊದಲ ತುಣುಕು ತೆರೆದುಕೊಂಡು ‘ಡೈನರ್’, ಊಟ ಮಾಡುವವನು, ಆಗುತ್ತಾನೆ. ಭೇದವೊಂದನ್ನು ಮಾತ್ರ ಮರೆಯದೆ ತಿಳಿಸಬೇಕು: ನಮ್ಮ ಒತ್ತು ಉಚ್ಚಾರದಲ್ಲಿ ಕೇಳಿಸುತ್ತದೆ, ಇಂಗ್ಲಿಷಿನ ಎರಡನೆಯ ಎನ್ ಕೇಳಿಸದು, ಅದು ಹಿಂದಿನ ಸ್ವರವನ್ನು ಹ್ರಸ್ವವಾಗಿಡಲು ನಿಂತ ಕಾವಲುಗಾರ.

ನಿಯಮ ತಪ್ಪುವ ಪದಗಳೂ ಬೇಕಾದಷ್ಟಿವೆ. ‘ಲೆಮನ್’ ಪದದಲ್ಲಿ ಎಂ ಒಂದೇ ಇದ್ದರೂ ಸ್ವರ ಹ್ರಸ್ವ. ಮಗು ಮೊದಲು ‘ಲೀಮನ್’ ಎಂದು ಓದಿ, ಅಂಥ ಪದ ಕೇಳಿಲ್ಲವಲ್ಲ ಎಂದು ತಡೆದು, ‘ಲೆಮನ್’ ಎಂದು ತಾನೇ ತಿದ್ದಿಕೊಂಡರೆ ಗದರಬೇಡಿರಿ. ಹಾಗೆ ತಿದ್ದಿಕೊಳ್ಳಲು ಆ ಪದ ಅದರ ಕಿವಿಗೆ ಮೊದಲೇ ಬಿದ್ದಿರಬೇಕು. ಆದುದರಿಂದ ಹೊಸ ಪಾಠದ ಪದಗಳನ್ನು ಅರ್ಥದೊಡನೆ ಆಡಿ ಕೇಳಿಸಿದ ಮೇಲೆಯೇ ಪುಸ್ತಕ ತೆರೆಸಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ವಿನಂತಿಸುತ್ತೇನೆ.