ಫೈನಲ್ ಎಕ್ಸಿಟ್ ಆದ ಮೇಲೆ



ಕೊಲ್ಲಿಯಲ್ಲಿರುವ ನಾವೆಲ್ಲ ಸೇರಿದಾಗ ಎರಡು ಮಾತು ಬಂದೇ ಬರುತ್ತವೆ. ಒಂದು ಈ ವರ್ಷ ಬಾಡಿಗೆ ಎಷ್ಟು ಏರಿತು ಅನ್ನುವುದು. ಇನ್ನೊಂದು "ಇನ್ನು ಎರಡು ವರ್ಷ, ಆಮೇಲೆ ಊರು" ಅನ್ನುವುದು. ಆ ಎರಡು ವರ್ಷ ಮಾತ್ರ ಮುಗಿಯುವುದೇ ಇಲ್ಲ. ನಾನು ಮದುವೆಯಾಗಿ ಇಲ್ಲಿಗೆ ಬಂದು 19 ವರ್ಷವಾಯಿತು. ನಮ್ಮ ಯಜಮಾನರು ಮೊದಲ ದಿನವೇ ಹೇಳಿದ್ದು "ಎರಡು ವರ್ಷ". ಇಂದು ಕೇಳಿದರೂ ಹೇಳುವುದು ಅದೇ. ಆದ್ದರಿಂದ ಇವತ್ತು ಹೋಗುವುದರ ಬಗ್ಗೆ ಅಲ್ಲ, ನಿಜವಾಗಿ ಹೋದವರ ಬಗ್ಗೆ ಮಾತಾಡೋಣ ಅಂದುಕೊಂಡೆ.

ಮಂಗಳಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವಾಗ ನಮಗೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಇತ್ತು. 1941ರಲ್ಲಿ ಬಂದ ಕಾದಂಬರಿ, ಮೂರು ತಲೆಮಾರಿನ ಕಥೆ. ಮೊಮ್ಮಗ ರಾಮ ಊರು ಬಿಟ್ಟು ಅಲೆದು ಕೊನೆಗೆ ಊರಿಗೇ ಬರುತ್ತಾನೆ. ಪರೀಕ್ಷೆಗೆ ನಾನು ಅದರ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಈಗ ಯೋಚಿಸಿದರೆ, ಮರಳಿ ಬರುವುದು ಅಂದರೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು ಎಂದು ನಾನು ಎಷ್ಟು ಸಲೀಸಾಗಿ ನಂಬಿದ್ದೆ ಅನ್ನಿಸುತ್ತದೆ. ಸರಕಾರಗಳೂ ಹಾಗೇ ನಂಬಿವೆ. ಹೋದವರು ಬಂದರು, ಕಥೆ ಮುಗಿಯಿತು ಅಂತ.

ನನ್ನ ಭಾವ, ಅಂದರೆ ಅಕ್ಕನ ಗಂಡ, 1996ರಲ್ಲಿ ಸೌದಿಯ ದಮಾಮಿಗೆ ಹೋದವರು. ಒಂದೇ ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಸ್ಟೋರ್ ಕೀಪರ್. 2017ರ ಜುಲೈಯಿಂದ ಅಲ್ಲಿನ ಸರಕಾರ ಕುಟುಂಬ ಇಟ್ಟುಕೊಂಡಿರುವ ವಿದೇಶಿಯರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಪ್ರತಿ ವರ್ಷ ಇನ್ನೊಂದು ನೂರು ಸೇರಿ 2020ಕ್ಕೆ 400 ಆಗುವುದು ಎಂದು ಮೊದಲೇ ತಿಳಿಸಿದ್ದರು. ಅಕ್ಕ, ಇಬ್ಬರು ಮಕ್ಕಳು, ಒಟ್ಟು ಮೂರು ತಲೆ. ಮೊದಲ ವರ್ಷ ತಿಂಗಳಿಗೆ 300, ನಾಲ್ಕನೇ ವರ್ಷಕ್ಕೆ 1200. ಭಾವನ ಸಂಬಳವೇ 3200. ಇಕಾಮಾ ನವೀಕರಿಸುವಾಗ ಇಡೀ ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಲೆಕ್ಕ ಹಾಕಲು ಭಾವನಿಗೆ ಐದು ನಿಮಿಷ ಬೇಕಾಗಲಿಲ್ಲ. ಜೂನ್‌ನಲ್ಲೇ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಕುಂದಾಪುರಕ್ಕೆ ಬಂದಳು. ಭಾವ ಮತ್ತೆ ಬ್ಯಾಚುಲರ್ ರೂಮಿಗೆ ಹೋದರು, ಐವತ್ತರ ಹತ್ತಿರದ ವಯಸ್ಸಿನಲ್ಲಿ. ಒಂದು ವರ್ಷ ಹೇಗೋ ಕಳೆದು 2018ರಲ್ಲಿ ಫೈನಲ್ ಎಕ್ಸಿಟ್ ಹಾಕಿಸಿಕೊಂಡು ಬಂದರು.

ಸೌದಿ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ ಸರ್ವಿಸ್ ಹಣವಾಗಿ ಸಿಗಬೇಕು. 22 ವರ್ಷಕ್ಕೆ ಹತ್ತೊಂಬತ್ತೂವರೆ ತಿಂಗಳ ಸಂಬಳ. ಕಂಪನಿ ಆಗ ಕಷ್ಟದಲ್ಲಿತ್ತು. ಕೈಗೆ ಬಂದದ್ದು ಅರ್ಧ, ಉಳಿದದ್ದನ್ನು ಕಳಿಸುತ್ತೇವೆ ಎಂದರು. ಕಳಿಸಲಿಲ್ಲ. ಕೇಸು ಹಾಕಬಹುದಿತ್ತಲ್ಲ ಎಂದು ನಾನು ಕೇಳಿದೆ. ಭಾವ ನಕ್ಕರು. "ಕೇಸು ಹಾಕುಕೆ ಅಲ್ಲಿ ಇರ್ಬೇಕು ಮಾರಾಯ್ತಿ. ಅಲ್ಲಿರುಕೆ ಇಕಾಮಾ ಬೇಕು. ಇಕಾಮಾ ಬೇಕಾದ್ರೆ ಅದೇ ಕಂಪನಿ ಸಹಿ ಹಾಕ್ಬೇಕು."

ನಮ್ಮ ಯುಎಇಯಲ್ಲಿ 2023ರಿಂದ ಕೆಲಸ ಕಳೆದುಕೊಂಡವರಿಗೆ ವಿಮೆ ಬಂದಿದೆ, ನಿಮಗೆ ಗೊತ್ತೇ ಇದೆ. ಮೂಲ ಸಂಬಳ 16,000 ದಿರ್ಹಮ್‌ವರೆಗೆ ಇರುವವರು ತಿಂಗಳಿಗೆ 5 ದಿರ್ಹಮ್ ಕಟ್ಟಿದರೆ, ಕೆಲಸ ಹೋದಾಗ ಮೂಲ ಸಂಬಳದ ಶೇಕಡಾ 60ರಷ್ಟು ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. ಒಳ್ಳೆಯದೇ. ಆದರೆ ದೇಶ ಬಿಟ್ಟರೆ ಆ ಹಕ್ಕೂ ಹೋಯಿತು. ಬೀಳುವವನಿಗೆ ಹಾಸಿದ ಬಲೆ, ಆದರೆ ಗೋಡೆಯ ಈಚೆಗೆ ಬಿದ್ದರೆ ಮಾತ್ರ.

ಸರಿ, ಊರಿಗೆ ಬಂದದ್ದಾಯಿತು. ಊರಿನ ಸರಕಾರ ಏನು ಹೇಳುತ್ತದೆ? ಹೇಳುವುದಕ್ಕೆ ಬಹಳ ಇದೆ. 2018ರ ಡಿಸೆಂಬರಿನಲ್ಲಿ ಮೊರಾಕೊದ ಮರಾಕೆಶ್‌ನಲ್ಲಿ ಹಲವು ದೇಶಗಳು ಸೇರಿ ವಲಸೆಯ ಬಗ್ಗೆ ಒಂದು ಜಾಗತಿಕ ಒಪ್ಪಂದ ಮಾಡಿಕೊಂಡವು. ಅದರ 23 ಗುರಿಗಳಲ್ಲಿ 21ನೆಯದು ಗೌರವದಿಂದ ಮರಳುವುದು, ಮರಳಿದ ಮೇಲೆ ನೆಲೆ ನಿಲ್ಲುವುದು. ಭಾರತವೂ ಅದನ್ನು ಬೆಂಬಲಿಸಿದೆ. ಅದಕ್ಕೂ ಮೊದಲು, 2012ರಲ್ಲಿ, ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಎಂದು ಕೇಂದ್ರ ಸರಕಾರ ತಂದಿತ್ತು. ಇ.ಸಿ.ಆರ್. ಪಾಸ್‌ಪೋರ್ಟಿನ ಕಾರ್ಮಿಕರು ಮರಳುವ ದಿನಕ್ಕೆಂದು ವರ್ಷಕ್ಕೆ 4,000 ರೂಪಾಯಿ ಉಳಿಸಿದರೆ ಸರಕಾರ 900 ರೂಪಾಯಿ ಸೇರಿಸುತ್ತಿತ್ತು. ಪಿಂಚಣಿಗೆ ಬೇರೆ, ವಿಮೆಗೆ ಬೇರೆ. ಯೋಚನೆ ಕೆಟ್ಟದ್ದಲ್ಲ ನೋಡಿ, "ಮರಳುವುದು" ಅನ್ನುವ ಮಾತು ಅದರಲ್ಲಿ ಇತ್ತಲ್ಲ! ಆದರೆ ಸೇರಿದವರು ತೀರಾ ಕಡಿಮೆ ಎಂದು 2017ರಲ್ಲಿ ನಿಲ್ಲಿಸಿಬಿಟ್ಟರು. ಲೇಬರ್ ಕ್ಯಾಂಪಿನಲ್ಲಿ ನಾನು ಕೇಳಿದ ಯಾರಿಗೂ ಅದರ ಹೆಸರೇ ಗೊತ್ತಿರಲಿಲ್ಲ. ಭಾವನಿಗಂತೂ ಗೊತ್ತೂ ಇರಲಿಲ್ಲ, ಗೊತ್ತಿದ್ದರೂ ಸೇರಲಾಗುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದದ್ದರಿಂದ ಅವರದು ಇ.ಸಿ.ಆರ್. ಅಲ್ಲ.

ಭಾವ ಕೋಟೇಶ್ವರದ ಹತ್ತಿರ ಹಾರ್ಡ್‌ವೇರ್ ಅಂಗಡಿ ಹಾಕಲು ಹೊರಟರು. ಇಪ್ಪತ್ತೆರಡು ವರ್ಷ ಮೊಳೆ, ಪೈಪು, ಬಣ್ಣದ ಡಬ್ಬ ಎಣಿಸಿದ ಮನುಷ್ಯ, ಇನ್ನೇನು ಹಾಕಬೇಕು? ಸಾಲಕ್ಕೆ ಬ್ಯಾಂಕಿಗೆ ಹೋದರೆ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿದರು. ಇಲ್ಲಿ ಆದಾಯವೇ ಇಲ್ಲದವರು ರಿಟರ್ನ್ ಎಲ್ಲಿಂದ ತರಬೇಕು? ಸಿಬಿಲ್ ನೋಡಿದರು, ಅದರಲ್ಲಿ ಭಾವನ ಹೆಸರಿನಲ್ಲಿ ಏನೂ ಇಲ್ಲ. ಸಾಲ ಮಾಡದೆ ಬದುಕಿದ್ದು ಅವಗುಣವಾಯಿತು. ಸ್ವಉದ್ಯೋಗದ ಒಂದು ಯೋಜನೆಗೆ ವಯಸ್ಸು ಮೀರಿತ್ತು. ಎನ್‌ಆರ್‌ಐ ಖಾತೆಗೆ ಪ್ರತಿ ತಿಂಗಳು ತಪ್ಪದೆ ದುಡ್ಡು ಬಂದದ್ದು ಅದೇ ಬ್ಯಾಂಕಿಗೆ. ಆಗ ಕ್ಯಾಲೆಂಡರ್, ಡೈರಿ ಮನೆಗೆ ಕಳಿಸುತ್ತಿದ್ದವರು ಈಗ ಕುಳಿತುಕೊಳ್ಳಿ ಎನ್ನಲೂ ಮರೆತರು ಎಂದು ಭಾವನಿಗೆ ಇಂದಿಗೂ ಬೇಸರ. ಕೊನೆಗೆ ಅಕ್ಕನ ಬಂಗಾರ ಅಡವಿಟ್ಟರು. ಆ ಬಂಗಾರ ಖರೀದಿಸಿದ್ದು ದಮಾಮಿನಲ್ಲಿ. ಹೀಗೆ ಸೌದಿಯ ದುಡಿಮೆ ಸುತ್ತು ಹಾಕಿ ಅಂಗಡಿಗೆ ಬಂತು ಅನ್ನಿ, ಬಡ್ಡಿ ಸಮೇತ.

ಅಂಗಡಿಯ ಕಷ್ಟವಾದರೂ ಭಾವನ ಕಷ್ಟ. ಮಗನದು ಬೇರೆ. ಅವನು ಎಂಟನೇ ಕ್ಲಾಸು ಅಲ್ಲಿ ಮುಗಿಸಿ ಇಲ್ಲಿ ಒಂಬತ್ತಕ್ಕೆ ಸೇರಿದ. ಪಿಯುಸಿ ಮುಗಿಯುವಾಗ ಕರ್ನಾಟಕದಲ್ಲಿ ಓದಿದ್ದು ನಾಲ್ಕೇ ವರ್ಷ. ಸಿಇಟಿಯ ಸರಕಾರಿ ಸೀಟಿಗೆ ಸಾಮಾನ್ಯ ನಿಯಮ ಏಳು ವರ್ಷ ಇಲ್ಲಿ ಓದಿರಬೇಕು. ಇನ್ನೊಂದು ಕಲಮು ಇದೆ: ಎರಡೂ ವರ್ಷದ ಪಿಯುಸಿ ಇಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಆಗುತ್ತದೆ. 2021ರಲ್ಲಿ, ಕೊರೊನಾ ನಡುವೆ, ಐವತ್ತು ದಾಟಿದ ಭಾವ ತಾನು ಒಂದನೇ ಕ್ಲಾಸು ಓದಿದ್ದಕ್ಕೆ ಸರ್ಟಿಫಿಕೇಟ್ ಹುಡುಕಿಕೊಂಡು ಹೊರಟರು. ಒಂದು ಶಾಲೆ ಮುಚ್ಚಿ ಅದರ ದಾಖಲೆ ಬೇರೆ ಶಾಲೆಗೆ ಹೋಗಿತ್ತು. ಹಾಜರಿ ಪುಸ್ತಕವನ್ನು ಅರ್ಧ ಗೆದ್ದಲು ತಿಂದಿತ್ತು. ಪುಣ್ಯಕ್ಕೆ ಅವರ ಹೆಸರಿದ್ದ ಅರ್ಧ ಉಳಿದಿತ್ತು. ಮೇಲೆ ಬಿಇಒ ಕಚೇರಿಯ ಸಹಿ, ಸೀಲು. ಹುಡುಗ ಅಷ್ಟು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದನಂತೆ: "ನಾನು ಕನ್ನಡದವ ಅಂತ ಪ್ರೂವ್ ಮಾಡುಕೆ ಅಪ್ಪ ಶಾಲೆಗೆ ಹೋದದ್ದು ಯಾಕೆ ಬೇಕು?" ನಿಯಮ ಮಾಡಿದವರಿಗೆ ಅವರದೇ ಆದ ಕಾರಣವಿದೆ, ಹೊರ ರಾಜ್ಯದವರು ಸೀಟು ಕೊಂಡೊಯ್ಯಬಾರದು ಅಂತ. ಅದನ್ನು ನಾನು ಒಪ್ಪುತ್ತೇನೆ. ಆದರೆ ಅವರ ಕಣ್ಣಿಗೆ ಹುಬ್ಬಳ್ಳಿಯ ಹುಡುಗ ಕಾಣುತ್ತಾನೆ, ಹೈದರಾಬಾದಿನ ಹುಡುಗ ಕಾಣುತ್ತಾನೆ, ದಮಾಮಿನಿಂದ ಕುಂದಾಪುರಕ್ಕೆ ಬಂದ ಹುಡುಗ ಕಾಣುವುದಿಲ್ಲ.

ಕೊರೊನಾ ಎಂದೆ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ವಂದೇ ಭಾರತ್‌ನ ಮೊದಲ ವಿಮಾನ ಹೋದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟಿಕೆಟ್ ದುಡ್ಡು ಹೋದವರದೇ. ಕೆಲಸ ಹೋಗಿ ಎರಡು ತಿಂಗಳಾದವರು, ತುಂಬು ಗರ್ಭಿಣಿಯರು, ಹೀಗೆ ಪಟ್ಟಿ ಮಾಡಲು ನಾವು ಕೆಲವರು ಹಗಲು ರಾತ್ರಿ ಫೋನು ಹಿಡಿದು ಕೂತಿದ್ದೆವು. ಆ ತಿಂಗಳ ಕೊನೆಗೆ ಕೇಂದ್ರ ಸರಕಾರ 'ಸ್ವದೇಶ್' ಎಂಬ ಸ್ಕಿಲ್ ಕಾರ್ಡ್ ತಂದಿತು. ಮರಳುವವರು ತಮ್ಮ ಕೆಲಸ, ಅನುಭವ ತುಂಬಿದರೆ ಆ ಮಾಹಿತಿ ಕಂಪನಿಗಳಿಗೆ ಹೋಗುತ್ತದೆ ಎಂದು. ನಾನು ಎಷ್ಟೋ ಜನರಿಗೆ ಫೋನಿನಲ್ಲೇ ಆ ಫಾರಂ ತುಂಬಿಕೊಟ್ಟೆ. ಒಬ್ಬರು ಬೈಂದೂರಿನ ಕಡೆಯವರು, ಹದಿನೈದು ವರ್ಷ ಎ.ಸಿ. ರಿಪೇರಿ ಮಾಡಿದವರು. ವೀಸಾದಲ್ಲಿ "ಕ್ಲೀನರ್" ಎಂದಿತ್ತು. "ಎಂತ ಬರೆಯುದು ಅಕ್ಕಾ, ಮಾಡಿದ್ದು ಬರೆಯುದಾ, ವೀಸಾದಲ್ಲಿದ್ದದ್ದು ಬರೆಯುದಾ?" ಎಂದು ಕೇಳಿದರು. ಮಾಡಿದ್ದೇ ಬರೆಯಿರಿ ಎಂದೆ. ಆದರೆ ಅದಕ್ಕೆ ಕಾಗದದ ಆಧಾರ ಅವರ ಹತ್ತಿರ ಇರಲಿಲ್ಲ. ಕಾರ್ಡಿನಿಂದ ಅವರಿಗೆ ಒಂದು ಫೋನೂ ಬರಲಿಲ್ಲ. ಮರುವರ್ಷ ಮತ್ತೆ ಇಲ್ಲಿಗೇ ಬಂದರು, ಕ್ಲೀನರ್ ವೀಸಾದಲ್ಲೇ.

ಪಕ್ಕದ ಕೇರಳವನ್ನು ನೋಡಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅಲ್ಲಿ 1996ರಿಂದ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಇದೆ. 1998ರಿಂದ ಕೆಲವು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಯಾರು ಹೋದರು, ಯಾರು ಬಂದರು ಎಂದು ಸಮೀಕ್ಷೆ ಮಾಡುತ್ತಾರೆ. ಎರಡು ವರ್ಷ ಹೊರದೇಶದಲ್ಲಿ ದುಡಿದು ಮರಳಿದವರು ಉದ್ಯಮ ಹಾಕಲು 30 ಲಕ್ಷದವರೆಗಿನ ಯೋಜನೆಗೆ ಸಾಲ, ಅದರಲ್ಲಿ ಶೇಕಡಾ 15 ಸಬ್ಸಿಡಿ. ಪ್ರವಾಸಿ ಕ್ಷೇಮನಿಧಿಗೆ ಕಟ್ಟಿದವರಿಗೆ ಪಿಂಚಣಿ. ಅಲ್ಲೂ ಎಲ್ಲ ಸರಿಯಿಲ್ಲ, ನನ್ನ ಪಕ್ಕದ ಮನೆಯ ಚೇಚಿ ದಿನಾ ಬೈಯುತ್ತಾರೆ. ಆದರೆ ಬೈಯಲು ಅವರಿಗೆ ಒಂದು ಕಚೇರಿಯಾದರೂ ಇದೆ. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ, 2017ರಲ್ಲಿ ಪ್ರವಾಸಿ ಭಾರತೀಯ ದಿವಸ್ ಬೆಂಗಳೂರಲ್ಲೇ ನಡೆಯಿತು. ಅಲ್ಲಿ ಮಾತೆಲ್ಲ ಬಂಡವಾಳ ತರುವವರದು. ಅದೇ ವರ್ಷ ಜೂನ್‌ನಲ್ಲಿ ಅಕ್ಕ ಆರು ಪೆಟ್ಟಿಗೆ ಸಾಮಾನು ತಂದಳು.

ಇನ್ನೊಬ್ಬರ ವಿಷಯ ಹೇಳದೆ ಮುಗಿಸಲಾರೆ. 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಇಲ್ಲಿ ಆಮ್ನೆಸ್ಟಿ ಇತ್ತಲ್ಲ, ವೀಸಾ ಮೀರಿ ಉಳಿದವರು ದಂಡ ಕಟ್ಟದೆ ಹೋಗಬಹುದೆಂದು. ನಮ್ಮ ಸ್ವಯಂಸೇವಕರ ಗುಂಪಿಗೆ ಒಬ್ಬ ಹೆಂಗಸು ಬಂದರು, ಬಯಲುಸೀಮೆಯವರು. ಆರು ವರ್ಷದ ಹಿಂದೆ ಏಜೆಂಟ್ ವಿಸಿಟ್ ವೀಸಾದಲ್ಲಿ ಕರೆತಂದು ಮನೆಗೆಲಸಕ್ಕೆ ಬಿಟ್ಟಿದ್ದ. ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಮೂವತ್ತು ತುಂಬಿರಬೇಕು, ಇ-ಮೈಗ್ರೇಟ್‌ನಲ್ಲಿ ದಾಖಲಾಗಬೇಕು ಎಂದು ನಮ್ಮ ಸರಕಾರದ ನಿಯಮ. ರಕ್ಷಣೆಗೆಂದೇ ಮಾಡಿದ ನಿಯಮ. ಏಜೆಂಟ್ ಅದನ್ನು ದಾಟಿದ್ದು ವಿಸಿಟ್ ವೀಸಾದಿಂದ. ಹೀಗಾಗಿ ಹತ್ತು ಲಕ್ಷದ ಪ್ರವಾಸಿ ವಿಮೆಯೂ ಇಲ್ಲ, ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಹೋದದ್ದೇ ಲೆಕ್ಕದಲ್ಲಿ ಇಲ್ಲದವರು ಬಂದದ್ದು ಲೆಕ್ಕಕ್ಕೆ ಹೇಗೆ ಸಿಕ್ಕೀತು?

ಔಟ್‌ಪಾಸ್ ಆಯಿತು, ಟಿಕೆಟ್ ಆಯಿತು. ಹೊರಡುವ ಹಿಂದಿನ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ನನ್ ಮಗಳ ಗಂಡನ ಮನೇವ್ರಿಗೆ ನಾನು ಇಲ್ಲಿ ನರ್ಸು ಅಂತ ಹೇಳವ್ರೆ. ಮದುವೆ ಆಗಿದ್ದೇ ಆ ಮಾತಿನ ಮೇಲೆ. ಆಸ್ಪತ್ರೇಲಿ ಏನೇನ್ ಇರ್ತದೆ, ಒಂದೆರಡು ಮಾತು ಹೇಳ್ಕೊಡಿ" ಎಂದರು. ನನಗೆ ಬಾಯಿ ಬರಲಿಲ್ಲ. ಕನ್ನಡ ಕ್ಲಾಸಿನಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸುವವಳು ಅವತ್ತು ಒಂದು ಗಂಟೆ ಕೂತು ಬಿ.ಪಿ., ಡ್ರಿಪ್, ವಾರ್ಡು, ನೈಟ್ ಶಿಫ್ಟ್ ಎಂದು ಕಲಿಸಿದೆ. ಸುಳ್ಳು ಕಲಿಸಿದೆ, ಹೌದು. ಅವರ ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆಯ ಕಲೆ ಇತ್ತು. ಅದಕ್ಕೆ ಏನು ಹೇಳಲಿ ಎಂದರು. ಕ್ಯಾಂಟೀನಿನಲ್ಲಿ ಸುಟ್ಟಿತು ಅನ್ನಿ ಎಂದೆ. ಯಾವ ನೀತಿಯಲ್ಲಿ ಇದಕ್ಕೊಂದು ಕಲಮು ಇದೆ, ಹೇಳಿ.

ಇಷ್ಟೆಲ್ಲ ಕೇಳಿ, ಹಾಗಾದರೆ ನಾವೇನು ಮಾಡಬೇಕು ಎನ್ನುತ್ತೀರಿ. ಸರಕಾರ ಏಳುವವರೆಗೆ ಕಾಯದೆ ಕೆಲವನ್ನು ಇಲ್ಲಿಂದಲೇ ಮಾಡಿಕೊಳ್ಳಿ. ಕಂಪನಿಯಿಂದ ಅನುಭವ ಪತ್ರವನ್ನು ಕೆಲಸದಲ್ಲಿರುವಾಗಲೇ ಕೇಳಿ, ಬಿಟ್ಟ ಮೇಲೆ ಅಲ್ಲ. ನೀವು ನಿಜವಾಗಿ ಮಾಡುವ ಕೆಲಸದ ಹೆಸರು ಅದರಲ್ಲಿರಲಿ. ಆದಾಯವಿಲ್ಲದಿದ್ದರೂ ಊರಿನಲ್ಲಿ ವರ್ಷಕ್ಕೊಂದು ರಿಟರ್ನ್ ಹಾಕಿಡಿ. ಮಗು ಎಂಟೋ ಒಂಬತ್ತೋ ಕ್ಲಾಸಿನಲ್ಲಿದ್ದರೆ ನಿಮ್ಮ ಸ್ವಂತ ಶಾಲೆಯ ದಾಖಲೆ ಮುಂದಿನ ರಜೆಯಲ್ಲೇ ತೆಗೆಸಿ, ಗೆದ್ದಲು ಕಾಯುವುದಿಲ್ಲ. ಬಾಕಿ ಹಣ ಪೂರ್ತಿ ಕೈಗೆ ಬಾರದೆ ಸೆಟ್ಲ್‌ಮೆಂಟ್ ಕಾಗದಕ್ಕೆ ಸಹಿ ಹಾಕಬೇಡಿ.

ಹೇಳುವುದು ಸುಲಭ. ನಮ್ಮ ಮನೆಯ ಕಪಾಟಿನಲ್ಲೂ 'ಊರು' ಎಂದು ಬರೆದ ನೀಲಿ ಫೈಲೊಂದಿದೆ. ಯಜಮಾನರ ಅನುಭವ ಪತ್ರಕ್ಕೆ ಎಚ್.ಆರ್.ಗೆ ಕೇಳಿ ಎಂದು ರಂಜಾನಿಗೆ ಮೊದಲೇ ಹೇಳಿದ್ದೆ. "ಈಗ ಕೇಳಿದರೆ ಬಿಟ್ಟು ಹೋಗುತ್ತಾನೆ ಅಂದುಕೊಳ್ಳುತ್ತಾರೆ ಮಾರಾಯ್ತಿ, ಎರಡು ವರ್ಷ ಇದೆಯಲ್ಲ" ಎಂದರು. ಸದ್ಯ ಫೈಲಿನಲ್ಲಿರುವುದು ನನ್ನ ಎಂ.ಎ. ಅಂಕಪಟ್ಟಿ ಒಂದೇ.