ಎಡಗೈಯ ನಾದ

ನನ್ನ ತಂದೆಯವರು ಮೃದಂಗ ನುಡಿಸುತ್ತಿದ್ದರು. ಅವರು ಪಕ್ಕವಾದ್ಯಕ್ಕೆ ಕುಳಿತ ಒಂದು ಕಛೇರಿಯ ಧ್ವನಿಮುದ್ರಣ ನಮ್ಮ ಮನೆಯಲ್ಲಿ ಉಳಿದಿದೆ. ಎಷ್ಟೋ ವರ್ಷ ಅದನ್ನು ಚಿಕ್ಕ ಸ್ಪೀಕರುಗಳಲ್ಲಿ ಕೇಳಿದೆ. ಬಲಗೈಯ ಚಾಪು, ಮೀಟು ಸ್ಪಷ್ಟವಾಗಿದ್ದವು. ಕಛೇರಿಗೆ ಮುನ್ನ ಅವರು ನೀರು ಬೆರೆಸಿದ ರವೆ ಮೆತ್ತಿ ಹದಗೊಳಿಸುತ್ತಿದ್ದ ಎಡಮುಖ ಮಾತ್ರ ಮೂಕವಾಗಿತ್ತು.

ಕಾರಣ ಸರಳ. ಮಂದ್ರನಾದ ಹುಟ್ಟಬೇಕಾದರೆ ಸ್ಪೀಕರಿನ ಪೊರೆ ಬಹಳ ಗಾಳಿಯನ್ನು ಅಲುಗಿಸಬೇಕು. ಅಂಗೈಯಗಲದ ಪೊರೆಗೆ ಆ ಶಕ್ತಿ ಎಲ್ಲಿಯದು? ಆ ಕೆಲಸಕ್ಕೆಂದೇ ಇರುವ ಪೆಟ್ಟಿಗೆ ಸಬ್‌ವೂಫರ್. ನಮ್ಮ ಕಿವಿ ಗ್ರಹಿಸುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳನ್ನು; ಅವುಗಳಲ್ಲಿ ಸುಮಾರು ನೂರಕ್ಕಿಂತ ಕೆಳಗಿನವು ಇದರ ಪಾಲು.

ಕಳೆದ ವರ್ಷ ಅಂಥದೊಂದನ್ನು ತಂದು ಮೂಲೆಯಲ್ಲಿಟ್ಟು, ಗುಂಡಿಯನ್ನು ಧಾರಾಳವಾಗಿ ತಿರುಗಿಸಿದೆ. ಕಿಟಕಿಯ ಗಾಜು ನಡುಗಿತು. ನನ್ನ ಕಣ್ಣು ತುಂಬಿತು. ಮೂರನೆಯ ದಿನ ಪಕ್ಕದ ಮನೆಯ ಅಜ್ಜಿ ಬಂದು, “ರಾತ್ರಿ ಹೊತ್ತು ಅದೇನಪ್ಪಾ ಕುಟ್ಟುತ್ತೀಯೆ?” ಎಂದರು. ನಾಚಿಕೆಯಾಯಿತು. ಗೋಡೆ ಹಾಡನ್ನು ಬಹುಮಟ್ಟಿಗೆ ತಡೆಯುತ್ತದೆ. ಮಂದ್ರವನ್ನು ಅಷ್ಟಾಗಿ ತಡೆಯಲಾರದು. ರಾಗವೆಲ್ಲ ನನಗೆ, ಗುದ್ದು ಮಾತ್ರ ಆಕೆಗೆ!

ಆಮೇಲೆ ವಿಷಯವನ್ನು ವಿಚಾರಿಸಿ ತಿಳಿದೆ. ಸೆಕೆಂಡಿಗೆ 40 ಕಂಪನಗಳ ನಾದದ ಒಂದು ಅಲೆ ಸುಮಾರು ಎಂಟೂವರೆ ಮೀಟರು ಉದ್ದ. ನನ್ನ ಕೋಣೆಗಿಂತ ದೊಡ್ಡದು. ಗೋಡೆಗಳಿಗೆ ತಾಗಿ ಮರಳುವ ಅಲೆಗಳು ಒಂದೆಡೆ ಕೂಡಿ ಉಬ್ಬುತ್ತವೆ, ಇನ್ನೊಂದೆಡೆ ಕಳೆದು ಅಡಗುತ್ತವೆ. ಮೂಲೆಯಲ್ಲಿಟ್ಟರೆ ಅಬ್ಬರ ಹೆಚ್ಚು. ಇದಕ್ಕೊಂದು ಉಪಾಯವುಂಟು: ಪೆಟ್ಟಿಗೆಯನ್ನೇ ನಾವು ಕೂರುವ ಕುರ್ಚಿಯ ಮೇಲಿಟ್ಟು, ಗೋಡೆಗುಂಟ ಅಂಬೆಗಾಲಿಡುತ್ತ, ನಾದ ಹದವಾಗಿ ಕೇಳುವ ಜಾಗವನ್ನು ಹುಡುಕಿ, ಅಲ್ಲಿ ಅದನ್ನಿಡುವುದು. ಈ ವಯಸ್ಸಿನಲ್ಲಿ ಅಂಬೆಗಾಲು! ಮೊಮ್ಮಗಳು ನಕ್ಕಳು. ಜಾಗ ಪುಸ್ತಕದ ಕಪಾಟಿನ ಪಕ್ಕದಲ್ಲಿ ಸಿಕ್ಕಿತು. 80 ಕಂಪನಗಳ ಕೆಳಗಿನದನ್ನಷ್ಟೇ ಅದಕ್ಕೆ ಒಪ್ಪಿಸಿ, ಪೆಟ್ಟಿಗೆ ಇದೆಯೆಂಬುದೇ ಮರೆಯುವವರೆಗೆ ಅದರ ದನಿಯನ್ನು ತಗ್ಗಿಸಿದೆ.

ಅಂದು ಸಂಜೆ ತಂದೆಯವರ ಎಡಗೈ ಕೇಳಿಸಿತು. ಗಾಯಕರು ಒಂದು ಸ್ವರದಲ್ಲಿ ನಿಂತಾಗ, ಕಥೆ ಕೇಳುವವರು ಹೂಂಗುಟ್ಟುವಂತೆ, ಮೆಲ್ಲನೆ ಒಂದೇ ಗುಂಕಾರ, ಮತ್ತೆ ಮೌನ. ಅವರ ವಿನಯ ನನಗೆ ಗೊತ್ತಿತ್ತು. ಅದು ಅವರ ವಾದನದಲ್ಲಿಯೂ ಇತ್ತೆಂದು ಈಗ ತಿಳಿಯಿತು. ಮೊದಲ ದಿನ ನನ್ನ ಕಣ್ಣು ತುಂಬಿಸಿದ್ದು ಬರಿಯ ಪೆಟ್ಟಿಗೆಯ ಗುಡುಗು.

ಕೆಲವು ದಿನಗಳ ಮೇಲೆ ಅಜ್ಜಿ ಕೇಳಿದರು: “ಕುಟ್ಟೋದು ನಿಲ್ಲಿಸಿದೆಯೇನಪ್ಪಾ?”

“ಹೌದಮ್ಮಾ,” ಎಂದೆ. “ಈಗ ನಮ್ಮ ತಂದೆಯವರು ನುಡಿಸುತ್ತಿದ್ದಾರೆ.”